ಸಹಿಗೆ ಕೇಳಿದ ಬೆಲೆ

ವಿಚ್ಛೇದನದ ಆದೇಶ ಕೈಗೆ ಬಂದ ದಿನವೂ ಶರಣ್ಯಾ ಕೆಲಸ ಮುಗಿಸಿ ಗಂಗಾಧರನಿದ್ದ ಮನೆಗೇ ಮರಳಿದಳು. ಬೇರೆ ಕಡೆ ಹೋಗುವಂತಿರಲಿಲ್ಲ. ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿದ್ದ ಆ ಫ್ಲ್ಯಾಟನ್ನು ಇಬ್ಬರೂ ಸೇರಿ ಕೊಂಡಿದ್ದರು, ಸಾಲವೂ ಇಬ್ಬರ ಹೆಸರಿನಲ್ಲೇ ಇತ್ತು. ಮಾರಿದರೆ ಬರುವ ದುಡ್ಡು ಉಳಿದ ಸಾಲಕ್ಕೆ ಸಾಲದು. ಅರ್ಧ ಕಂತು ಕಟ್ಟಿ, ಮಗಳ ಫೀಸು ತೆತ್ತು, ಮೇಲೆ ಬೇರೆ ಮನೆಗೆ ಬಾಡಿಗೆ ಕೊಡುವಷ್ಟು ಅವಳ ಸಂಬಳವಿರಲಿಲ್ಲ. ಅವನ ಕಥೆಯೂ ಅಷ್ಟೇ.

ಶರಣ್ಯಾ ಉಡುಪಿ ಕಡೆಯವಳು, ಖಾಸಗಿ ಮೆಡಿಕಲ್ ಕಾಲೇಜೊಂದರಲ್ಲಿ ನರ್ಸಿಂಗ್ ಪಾಠ ಹೇಳುತ್ತಿದ್ದಳು. ಮೈಸೂರಿನ ಗಂಗಾಧರ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಗುತ್ತಿಗೆಯ ಮೇಲಿದ್ದ. ದೊಡ್ಡ ಕೋಣೆ ಅವಳಿಗೆ ಮತ್ತು ಕಾಲೇಜು ಓದುವ ಮಗಳು ಗಾನವಿಗೆ, ಸಣ್ಣದು ಅವನಿಗೆ ಎಂದಾಯಿತು. ಫ್ರಿಜ್ಜಿನ ಖಾನೆಗಳನ್ನೂ ಹಂಚಿಕೊಂಡರು. ಮದುವೆಯಾದಾಗಿನಿಂದ 'ನೀವು' ಎನ್ನುತ್ತಿದ್ದವಳಿಗೆ ಈಗ ಆ ಮಾತು ಬೇಡವಾಗಿತ್ತು, 'ನೀನು' ಎನ್ನಲು ನಾಲಿಗೆ ಏಳುತ್ತಿರಲಿಲ್ಲ. "ಗ್ಯಾಸ್ ಆಫ್ ಮಾಡಿಲ್ಲ," "ಬಾತ್‌ರೂಮ್ ಖಾಲಿ ಇದೆ" ಎಂದು ಗೋಡೆಗೆ ಹೇಳುವಂತೆ ಹೇಳುತ್ತಿದ್ದಳು.

ಹೇಗಾದರೂ ಬಿಡಿಸಿಕೊಳ್ಳಬೇಕೆಂದು ಅವಳು ಇನ್ನೊಂದು ಬ್ಯಾಂಕಿಗೆ ಅರ್ಜಿ ಹಾಕಿದಳು. ಪೂರ್ತಿ ಸಾಲವನ್ನು ತನ್ನೊಬ್ಬಳ ಹೆಸರಿಗೆ, ಉದ್ದ ಅವಧಿಗೆ ಬರೆಸಿಕೊಳ್ಳುವ ಯೋಚನೆ. ಆಗ ಕಂತೂ ಇಳಿಯುತ್ತದೆ, ಮನೆಯೂ ಅವಳೊಬ್ಬಳದಾಗುತ್ತದೆ. ಅದು ಗಂಗಾಧರನಿಗೆ ಗೊತ್ತಾಯಿತು. ಅಂದಿನಿಂದ ಅವನು ತನ್ನ ಪಾಲಿನ ಕಂತು ಕಟ್ಟುವುದನ್ನೇ ನಿಲ್ಲಿಸಿದ. ಅವಳ ಅರ್ಜಿ ತಿರಸ್ಕೃತವಾಗಿ ಬಂತು. ಕಂತು ತಪ್ಪಿದ್ದು ಇಬ್ಬರ ಸಾಲದ ದಾಖಲೆಯಲ್ಲೂ ಕಾಣುತ್ತದೆ, ಯಾರ ಪಾಲು ತಪ್ಪಿತು ಎಂದು ಬ್ಯಾಂಕು ನೋಡುವುದಿಲ್ಲ.

"ಯಾಕೆ ಕಟ್ಟಿಲ್ಲ?" ಎಂದು ಕೇಳಿದಳು.

"ದುಡ್ಡಿರ್ಲಿಲ್ಲ," ಎಂದ ಅವನು, ಬಾಂಗ್ಸಾರಿನ ದುಬಾರಿ ಹೋಟೆಲೊಂದರಿಂದ ತಪೌ ಎಂದು ಕಟ್ಟಿಸಿ ತಂದ ಊಟದ ಡಬ್ಬಿ ಬಿಚ್ಚುತ್ತಾ.

"ದಾಖಲೆ ಇಬ್ಬರದ್ದೂ ಹಾಳಾಗ್ತದಲ್ಲ."

"ಆಗ್ಲಿ ಬಿಡು. ಕೋರ್ಟಿಗೆ ಹೋದವಳು ನೀನು. ನಾನೇನು ಹೋಗು ಅಂದಿದ್ನಾ?"

ಎದುರಿನವರಿಗೆ ಅಪಶಕುನವಾಗಲೆಂದು ತನ್ನ ಮೂಗನ್ನೇ ಕೊಯ್ದುಕೊಂಡವನ ಗಾದೆಯನ್ನು ಅವಳು ಅಜ್ಜಿಯ ಬಾಯಲ್ಲಿ ಕೇಳಿದ್ದಳು. ಅಂಥವನ ಜೊತೆ ಒಂದೇ ಅಡುಗೆಮನೆ ಹಂಚಿಕೊಳ್ಳಬೇಕಾದೀತು ಎಂದುಕೊಂಡಿರಲಿಲ್ಲ. ಬಾಕಿಯನ್ನು ಅವಳೇ ತೀರಿಸಿದಳು. ಮತ್ತೆ ಅರ್ಜಿ ಹಾಕುವ ಹೊತ್ತಿಗೆ ಅವನು ಮತ್ತೆ ಕಂತು ತಪ್ಪಿಸಿದ.

ಒಂದು ಭಾನುವಾರ ಬೆಳಿಗ್ಗೆ ಗಾನವಿ ಗೆಳತಿಯ ಮನೆಗೆ ಹೋಗಿದ್ದಳು. ಶರಣ್ಯಾ ದೋಸೆಕಲ್ಲು ತೊಳೆಯುತ್ತಿದ್ದಳು. ಹಾಲ್‌ನಲ್ಲಿ ಕೂತಿದ್ದ ಗಂಗಾಧರ ಏನೋ ಅಂದಂತಾಯಿತು. ತಿರುಗಿ ನೋಡಿದಳು. ಅವನ ಮುಖ ಬಿಳಚಿಕೊಂಡು ಬೆವರು ಇಳಿಯುತ್ತಿತ್ತು, ಒಂದು ಕೈ ಎದೆಯನ್ನು ಒತ್ತಿ ಹಿಡಿದಿತ್ತು. ಅದೇನೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಪ್ರತಿ ವರ್ಷ ಹೊಸ ಹುಡುಗಿಯರಿಗೆ ಅದನ್ನೇ ಅವಳು ಕಲಿಸುತ್ತಿದ್ದಳು.

ಸಾಲಕ್ಕೆ ವಿಮೆಯಿತ್ತು. ಇಬ್ಬರಲ್ಲಿ ಒಬ್ಬರು ಸತ್ತರೆ ಅವರ ಪಾಲನ್ನು ವಿಮೆ ತೀರಿಸುತ್ತದೆ. ಆ ಯೋಚನೆ ಅವಳು ಕರೆಯದೆಯೇ ಬಂತು, ಬಂದು ನಿಂತಿತು. ಅವಳು ನಲ್ಲಿಯ ಕಡೆ ತಿರುಗಿದಳು. ಕಲ್ಲನ್ನು ಇನ್ನೊಮ್ಮೆ ಉಜ್ಜಿದಳು, ಅಂಚು ಒರೆಸಿದಳು, ಮೊಳೆಗೆ ತೂಗುಹಾಕಿದಳು. ಕೈ ಒರೆಸಿಕೊಂಡಳು. ಆಮೇಲೆ ಆಂಬ್ಯುಲೆನ್ಸಿಗೆ ಫೋನ್ ಮಾಡಿದಳು. ಅಷ್ಟು ಹೊತ್ತೂ ಅವನ ಕಣ್ಣು ಅವಳ ಬೆನ್ನ ಮೇಲಿತ್ತು.

ಗಂಗಾಧರ ಉಳಿದ. ಆದರೆ ಹೃದಯದ ಒಂದು ಭಾಗ ಸತ್ತುಹೋಗಿತ್ತು. ಸ್ವಲ್ಪ ಮುಂಚೆ ಕರೆತಂದಿದ್ದರೆ ಅದೂ ಉಳಿಯುತ್ತಿತ್ತೇನೋ ಎಂದರು ಡಾಕ್ಟರು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಕಂಪನಿ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಇಷ್ಟಕ್ಕೆ ವಿಮೆಯಿಂದ ಏನೂ ಬರುವುದಿಲ್ಲವೆಂದು ತಿಳಿಯಿತು. ಪೂರ್ತಿ ಕಂತು ಶರಣ್ಯಾಳ ತಲೆಗೆ ಬಂತು. ಕಾಲೇಜಿನ ಕೆಲಸದ ಜೊತೆಗೆ ಸಂಜೆಯ ನರ್ಸಿಂಗ್ ಹೋಮ್ ಕೆಲಸವನ್ನೂ ಹಿಡಿದಳು. ಮನೆಗೆ ಬಂದು ಅವನಿಗೆ ಉಪ್ಪಿಲ್ಲದ ಗಂಜಿ ಮಾಡಿಡುತ್ತಿದ್ದಳು. ಅವನು ಉಣ್ಣುತ್ತಿದ್ದ.

ಕೊನೆಗೆ ಫ್ಲ್ಯಾಟಿಗೊಬ್ಬ ಗಿರಾಕಿ ಸಿಕ್ಕ. ಬೆಲೆ ಕಡಿಮೆ, ಆದರೂ ಬ್ಯಾಂಕು ಒಪ್ಪಿತು. ಕಡಿಮೆ ಬಿದ್ದ ಹಣವನ್ನು ಶರಣ್ಯಾ ತನ್ನೊಬ್ಬಳ ಹೆಸರಿನಲ್ಲಿ ಬೇರೆ ಸಾಲವಾಗಿ ತೀರಿಸಬೇಕು. ಅವಳು ಅದಕ್ಕೂ ಹೂಂ ಎಂದಳು. ಬೇಕಿದ್ದದ್ದು ಗಂಗಾಧರನ ಸಹಿ ಮಾತ್ರ.

ಮಧ್ಯಾಹ್ನ ಊಟವಾದ ಮೇಲೆ ಕಾಗದಗಳನ್ನು ಅವನ ಮುಂದಿಟ್ಟಳು. ಗಾನವಿ ಸೋಫಾದ ತುದಿಯಲ್ಲಿ ಮೊಬೈಲು ನೋಡುತ್ತಿದ್ದಳು.

"ಹಾಕ್ತೀನಿ," ಎಂದ ಗಂಗಾಧರ. "ಮೊದ್ಲು ಮಗಳ ಎದುರಿಗೆ ಹೇಳು. ಅವತ್ತು ನಾನು ಇಲ್ಲಿ ಸಾಯ್ತಾ ಇದ್ದಾಗ ನೀನು ಏನ್ ಮಾಡ್ತಿದ್ದೆ ಅಂತ."

"ಅವಳು ಯಾಕೆ ಇದರಲ್ಲಿ? ಅವಳನ್ನು ಬಿಡಬೇಕು."

"ಹಾಗಾದ್ರೆ ಸಹಿ ಇಲ್ಲ. ನಂಗೇನು ಅರ್ಜೆಂಟಿಲ್ಲ. ಗಂಜಿ ಸಿಗ್ತಿದೆ."

ಗಾನವಿ ತಲೆಯೆತ್ತಿದಳು. "ವಾಟ್ ಇಸ್ ಹೀ ಟಾಕಿಂಗ್ ಅಬೌಟ್, ಅಮ್ಮಾ?"

ಸುಳ್ಳು ಹೇಳಬಹುದಿತ್ತು. ಅವನು ಕಾಯಿಲೆಯವನು, ಭ್ರಮೆ ಎಂದುಬಿಡಬಹುದಿತ್ತು. ಶರಣ್ಯಾ ಕಾಗದಗಳ ಮೇಲಿನ ಪೆನ್ನನ್ನು ನೋಡಿದಳು. ಆ ಪೆನ್ನು ಅವನ ಕೈಗೆ ಹೋಗದಿದ್ದರೆ ಇನ್ನೆಷ್ಟು ಕಾಲ ಈ ಮನೆ, ಈ ಕಂತು, ಈ ಮುಖ!

"ನಿನ್ನ ಅಪ್ಪನಿಗೆ ಎದೆನೋವು ಬಂದದ್ದು ನನಗೆ ಗೊತ್ತಾಯ್ತು," ಎಂದಳು. "ಗೊತ್ತಾದ ಕೂಡ್ಲೆ ಫೋನ್ ಮಾಡ್ಲಿಲ್ಲ. ದೋಸೆಕಲ್ಲು ತೊಳೆದೆ."

"ಯಾಕೆ ಅಂತಾನೂ ಹೇಳು," ಎಂದ ಗಂಗಾಧರ.

"ಸತ್ತರೆ ಸಾಲ ಕಡಿಮೆ ಆಗ್ತದೆ ಅಂತ ಅನ್ನಿಸ್ತು."

ಗಂಗಾಧರ ಪೆನ್ನು ತೆಗೆದುಕೊಂಡು ಒಂದೊಂದು ಹಾಳೆಗೂ ನಿಧಾನವಾಗಿ ಸಹಿ ಹಾಕಿದ. ಮುಗಿದ ಮೇಲೆ ಪೆನ್ನಿನ ಮುಚ್ಚಳವನ್ನೂ ಹಾಕಿಟ್ಟ. ಅವನ ಮುಖದಲ್ಲಿ ಗೆದ್ದ ಖುಷಿಯೇನೂ ಕಾಣಲಿಲ್ಲ, ಆಯಾಸವೊಂದೇ ಇತ್ತು.

"ಯೂ ಬೋತ್ ಡನ್?" ಎಂದಳು ಗಾನವಿ. ಅವಳು ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ಮುಂದಿನ ವಾರವೇ ತನ್ನ ಕಾಲೇಜಿನ ಹಾಸ್ಟೆಲಿಗೆ ಸೇರಿಕೊಂಡಳು.

ಫ್ಲ್ಯಾಟು ಮಾರಾಟವಾಯಿತು. ಗಂಗಾಧರ ಕ್ಲಾಂಗ್ ಬಂದರಿನ ಹತ್ತಿರ ಗೆಳೆಯನೊಬ್ಬನ ಮನೆಯ ಕೋಣೆ ಹಿಡಿದ. ಗಾನವಿ ಆಗಾಗ ಅಲ್ಲಿಗೆ ಹೋಗಿ, ಪಕ್ಕದ ಮಮಕ್ ಹೋಟೆಲಿನಲ್ಲಿ ಅವನ ಜೊತೆ ಊಟ ಮಾಡಿ ಬರುತ್ತಾಳೆ. ಶರಣ್ಯಾಳಿಗೆ ಅದು ತಿಳಿದದ್ದು ಬೇರೆಯವರಿಂದ.

ಉಳಿದ ಸಾಲವನ್ನು ಶರಣ್ಯಾ ಎರಡು ಕಡೆ ದುಡಿದು ಕಟ್ಟುತ್ತಿದ್ದಾಳೆ. ಈಚೆಗೆ ಬ್ಯಾಂಕಿನ ಹುಡುಗಿ ಕಂಪ್ಯೂಟರು ನೋಡಿ, "ನಿಮ್ಮ ದಾಖಲೆ ಈಗ ಪೂರ್ತಿ ಕ್ಲೀನ್ ಮೇಡಂ" ಎಂದು ಇಂಗ್ಲಿಷಿನಲ್ಲಿ ಹೇಳಿದಳು. ಹೊರಗೆ ಬಂದು ಶರಣ್ಯಾ ಮಗಳಿಗೆ ಫೋನ್ ಮಾಡಿದಳು. ರಿಂಗಾಗಿ ರಿಂಗಾಗಿ ನಿಂತಿತು. ಸ್ವಲ್ಪ ಹೊತ್ತಿನಲ್ಲಿ ಸಂದೇಶ ಬಂತು: ಇನ್ ಕ್ಲಾಸ್. ಇಸ್ ಇಟ್ ಇಂಪಾರ್ಟೆಂಟ್?

ಇಲ್ಲ ಎಂದು ಬರೆದು, ಅವಳು ಎಲ್‌ಆರ್‌ಟಿ ರೈಲು ನಿಲ್ದಾಣದ ಕಡೆ ನಡೆದಳು. ಸಂಜೆಯ ಕೆಲಸಕ್ಕೆ ಹೊತ್ತಾಗಿತ್ತು.