ಇವರ ಬದಿಯ ಕನ್ನಡಿ

ಎರಡು ಬೇಸಿನ್ ಬೇಕು ಅಂತ ಹಟ ಹಿಡಿದವಳು ನಾನೇ. ನಮ್ಮನೆಯವರು ಕುಮಟಾ–ಭಟ್ಕಳ ಬಸ್ಸಿನ ಕಂಡಕ್ಟರ್ ಆಗಿದ್ದರು. ಇವರಿಗೆ ಬೆಳಗಾಗುವುದೇ ಕವಳದಿಂದ. ಎಲೆ, ಅಡಿಕೆ, ಸುಣ್ಣ, ಅದರ ಮೇಲೆ ಒಂದು ಚೂರು ಹೊಗೆಸೊಪ್ಪು. ಇವರು ಉಗಿದು ಹೋದ ಬೇಸಿನ್ನಿನಲ್ಲೇ ನಾನು ಹಲ್ಲುಜ್ಜಿ ಹೊನ್ನಾವರದ ಶಾಲೆಗೆ ಪಾಠ ಮಾಡಲು ಓಡಬೇಕು. ಮದುವೆಯಾದಂದಿನಿಂದ ಆ ಕೆಂಪು ತಿಕ್ಕಿ ತಿಕ್ಕಿ ನನ್ನ ಕೈ ಸವೆದಿತ್ತು. ಬಾಡ ಊರಿನ ನಮ್ಮ ಮನೆಯ ಬಚ್ಚಲನ್ನು ಹೊಸದಾಗಿ ಕಟ್ಟಿಸುವಾಗ ಖಡಾಖಂಡಿತ ಹೇಳಿಬಿಟ್ಟೆ: "ಒಂದೇ ಕಲ್ಲಿನ ಮೇಲೆ ಎರಡು ಬೇಸಿನ್ ಕೂರ್ಸಿ. ಒಂದು ನಿಮ್ದು, ಒಂದು ನಂದು. ನನ್ನ ಬದಿಗೆ ಬಂದ್ರೆ ನೋಡಿ ಮತ್ತೆ!"

"ಆತು ಮಾರಾಯ್ತಿ, ಟಿಕೇಟ್ ಇಲ್ದೆ ನಿನ್ನ ಬದಿಗೆ ಹತ್ತೂದಿಲ್ಲ," ಅಂದರು ಇವರು, ತುಂಬಿದ ಬಾಯಲ್ಲೇ ನಗುತ್ತ.

ಗ್ರಾನೈಟ್ ಕೂತಿತು, ಬೇಸಿನ್ ಎರಡೂ ಬಂದವು. ಕನ್ನಡಿ, ದೀಪ ಮಾತ್ರ ಬಾಕಿ. ಅಷ್ಟರಲ್ಲಿ ಇವರ ಎಡಗೆನ್ನೆಯ ಒಳಗೆ ಒಂದು ಹುಣ್ಣು ಎದ್ದಿತು. ಕವಳದ ಸುಣ್ಣ ಸುಟ್ಟಿದ್ದು ಅಂತ ತಿಂಗಳುಗಟ್ಟಲೆ ತುಪ್ಪ ಸವರಿದೆವು. ಅದು ಸುಣ್ಣದ್ದಲ್ಲ, ಕ್ಯಾನ್ಸರ್. ದೊಡ್ಡಾಸ್ಪತ್ರೆಯಲ್ಲಿ ಎಡಗಡೆಯ ದವಡೆ ತೆಗೆದರು, ಎದೆಯ ಮಾಂಸ ತಂದು ಕೆನ್ನೆಗೆ ಹೊಲಿದರು. ಕರೆಂಟ್ ಕೊಡುವುದೂ, ಅಂದರೆ ರೇಡಿಯೇಶನ್, ಆಯಿತು. ಇವರ ಮುಖ ಒಂದು ಬದಿಗೆ ಕುಸಿದು, ಬಾಯಿ ಎರಡು ಬೆರಳಿನಷ್ಟು ಮಾತ್ರ ತೆರೆಯುವ ಹಾಗಾಯಿತು. ಮಾತು ನನಗೊಬ್ಬಳಿಗೇ ಪೂರ್ತಿ ತಿಳಿಯುತ್ತಿತ್ತು.

ಮನೆಗೆ ಕಳಿಸುವಾಗ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: ಈ ರೋಗ ಮತ್ತೆ ಬರಬಹುದು, ಇನ್ನೊಂದು ಕೆನ್ನೆಗೂ ಬರಬಹುದು. ದಿನಾ ಬೆಳಿಗ್ಗೆ ಕನ್ನಡಿ ಮುಂದೆ, ಒಳ್ಳೆ ಬೆಳಕಿನಲ್ಲಿ ಬಾಯಿ ತೆರೆದು ನೋಡಿಕೊಳ್ಳಿ. ಬಿಳಿಯೋ ಕೆಂಪೋ ಮಚ್ಚೆ ಕಂಡರೆ ಕೂಡಲೇ ಬನ್ನಿ, ಬೇಗ ಬಂದರೆ ಉಳಿಸಬಹುದು. ಇವರು ತಲೆ ಆಡಿಸಿದರು. ನಾನೂ ಆಡಿಸಿದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅಂತಾರೆ, ಬಾಯೊಳಗಿನ ಹುಣ್ಣಿಗೆ ಬೇಕೇ ಬೇಕಲ್ಲ.

ಇವರ ಅಕ್ಕ, ಅಂದರೆ ನನ್ನ ಅತ್ತಿಗೆ, ತಮ್ಮೂರು ಬೆಳಕೆಯಿಂದ ನೋಡಲು ಬಂದವರು ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು. "ಆ ಮುಖ ಕಂಡ್ರೆ ಅವ ಎದೆ ಒಡ್ಕಂಡೇ ಸಾಯ್ತ ಕಾಣು. ಕಾಯಿಲೆ ಬಿದ್ದವ್ರಿಗೆ ಕನ್ನಡಿ ತೋರ್ಸೂಕಾಗ ಅಂತ ನಮ್ಮಮ್ಮ ಹೇಳ್ತಿತ್ತು," ಅಂದರು. ಇಡೀ ಶಾಲೆಗೆ ವಿಜ್ಞಾನ ಕಲಿಸುವ ನಾನು ಬಾಯಿ ಮುಚ್ಚಿಕೊಂಡು ಆ ಮಾತು ಕೇಳಿದೆ. ಕೇಳಿದ್ದಷ್ಟೇ ಅಲ್ಲ, ಕೋಣೆಯ ಕಪಾಟಿನ ಕನ್ನಡಿಗೆ ಅವತ್ತೇ ಹಳೆ ಸೀರೆ ಹೊದೆಸಿದೆ. ನನ್ನ ಬುದ್ಧಿ ಹುಲ್ಲು ಮೇಯಲು ಹೋಗಿತ್ತು.

ಆದರೆ ಬಚ್ಚಲಿಗೆ ಕನ್ನಡಿ ಹಾಕದೆ ಇರಲಾಗುವುದಿಲ್ಲ, ಇವರೇ ದಿನಾ ಕೇಳುತ್ತಿದ್ದರು. ಒಂದು ಸಂಜೆ ಶಾಲೆ ಬಿಟ್ಟು ಹೊನ್ನಾವರದಲ್ಲೇ ಅಂಗಡಿಗೆ ಹೋದೆ. ಅಂಗಡಿಯವರು ಒಳ್ಳೆಯ ಮನುಷ್ಯ, ಬೇಕು ಬೇಕಾದ್ದೆಲ್ಲ ಬಿಡಿಸಿ ಹೇಳಿದರು. "ಅಕ್ಕೋರೇ, ನಿಮ್ದು ಸಮುದ್ರದ ಬದಿ. ಉಪ್ಪು ಗಾಳಿಗೆ ಅಗ್ಗದ ಕನ್ನಡಿ ವರ್ಷದೊಳಗೆ ಅಂಚು ಕಪ್ಪಾಗ್ತದೆ. ಹಿಂದೆ ಒಳ್ಳೆ ಪೇಂಟ್ ಇದ್ದದ್ದೇ ತಗಳಿ. ಮತ್ತೆ ದೀಪ ಮೇಲೆ ಹಾಕ್ಬೇಡಿ. ಮೇಲಿಂದ ಬೆಳಕು ಬಿದ್ರೆ ಕಣ್ಣಿನ ಕೆಳಗೆ, ಬಾಯಿ ಹತ್ರ ಎಲ್ಲ ನೆರಳು. ಕನ್ನಡಿಯ ಎರಡೂ ಬದಿಗೆ, ಮುಖದ ಎತ್ತರಕ್ಕೆ ಬಿಳಿ ದೀಪ ಹಾಕಿ. ಯಜಮಾನ್ರಿಗೆ ಗಡ್ಡ ತೆಗೆಯೂಕೆ ಸಮ ಆಗ್ತದೆ."

ಅವರು ಹೇಳುತ್ತ ಹೋದ ಹಾಗೆ ನನ್ನ ತಲೆ ಉಲ್ಟಾ ಓಡಿತು. ಅವರು ಯಾವುದು ಬೇಡ ಅಂದರೋ ಅದೇ ಇವರ ಬದಿಗೆ ಬೇಕಾದ್ದು ಅನ್ನಿಸಿತು. ಒಂದೇ ಹಳದಿ ದೀಪ, ಅದೂ ಮೇಲೆ. ಕನ್ನಡಿ? ಮೂಲೆಯಲ್ಲಿ ಕಂದು ಬಣ್ಣದ್ದೊಂದು ನಿಂತಿತ್ತು. ಅದರೊಳಗೆ ನನ್ನ ಮುಖ ಚಹಾದಲ್ಲಿ ಅದ್ದಿ ತೆಗೆದ ಹಾಗೆ ಕಂಡಿತು.

"ಅದು ಮುರ್ಡೇಶ್ವರದ ಲಾಡ್ಜಿನವರು ಒಯ್ಯೂದು. ಅದ್ರಲ್ಲಿ ಯಾರ ಮುಖವೂ ಚಂದ. ಕಲೆ ಪಲೆ ಎಂತದೂ ಕಾಣೂದಿಲ್ಲ."

"ಅದೇ ಕೊಡಿ," ಅಂದೆ. ನನ್ನ ಬದಿಗೆ ಸಾದಾ ಕನ್ನಡಿ, ಎರಡು ಬಿಳಿ ದೀಪ.

"ಎರಡೂ ಜೋಡಿ ಇದ್ರೆ ಚಂದ ಅಲ್ದಾ ಅಕ್ಕೋರೇ?"

"ನಿಮಗೆಂತ, ಕಟ್ಟಿ ಕೊಡಿ," ಅಂತ ರೇಗಿದೆ. ಪಾಪ, ಅವರದೇನು ತಪ್ಪಿತ್ತು.

ಇವರಿಗೆ ಕಂದು ಕನ್ನಡಿ ಹಿಡಿಸಿತು. "ಲಾಡ್ಜಲ್ಲಿ ಇದ್ದಾಂಗೆ ಅದೆ," ಅಂದರು. ಡಾಕ್ಟರು ಹೇಳಿದ್ದನ್ನು ಒಂದು ದಿನವೂ ತಪ್ಪಿಸಲಿಲ್ಲ. ಬೆಳಿಗ್ಗೆ ಬಾಯಿ ತೊಳೆದು, ಆದಷ್ಟು ತೆರೆದು, ಚಮಚದ ಹಿಡಿಯಿಂದ ಕೆನ್ನೆ ಸರಿಸಿ, ನಾಲಿಗೆ ಎತ್ತಿ, ಶ್ರದ್ಧೆಯಿಂದ ನೋಡುತ್ತಿದ್ದರು. ನಾನು ಪಕ್ಕದಲ್ಲಿ ನನ್ನ ಕನ್ನಡಿಯಲ್ಲೇ ಕಣ್ಣಿಟ್ಟು ತಲೆ ಬಾಚುತ್ತಿದ್ದೆ. "ಸಾಫ್ ಅದೆ," ಅನ್ನುತ್ತಿದ್ದರು ಇವರು. "ದೇವರು ದೊಡ್ಡವ," ಅನ್ನುತ್ತಿದ್ದೆ ನಾನು. ನಾನೇ ಹೆಣೆದ ಬಲೆಯ ಪಕ್ಕದಲ್ಲಿ ನಿಂತು ದೇವರ ಹೆಸರು ಹೇಳಲು ನನಗೆ ನಾಚಿಕೆಯೂ ಆಗಲಿಲ್ಲ. ನನ್ನ ಬದಿಯ ದೀಪಕ್ಕೆ ಇವರು ಒಂದು ದಿನವೂ ಬರಲಿಲ್ಲ. ಬರಬೇಡಿ ಅಂದವಳು ನಾನೇ ಅಲ್ಲವಾ.

ಮೂರು ತಿಂಗಳಿಗೊಮ್ಮೆ ತೋರಿಸಲು ಹೋಗಬೇಕಿತ್ತು. ಮೊದಲನೆಯದಕ್ಕೆ ಹೋದೆವು, ಎಲ್ಲ ಸರಿ ಇತ್ತು. ಎರಡನೆಯದರ ಹೊತ್ತಿಗೆ ಮಳೆ, ನನಗೆ ಪರೀಕ್ಷೆಯ ಪೇಪರು. "ದಿನಾ ನಾನೇ ನೋಡ್ತೆ, ಸಾಫ್ ಅದೆಯಲ್ಲ. ಮುಂದಿನ ತಿಂಗಳು ಹೋಗ್ವ," ಅಂದರು ಇವರು. ಆತು ಅಂದೆ. ಆ ಮುಂದಿನ ತಿಂಗಳು ಮತ್ತೊಂದು ತಿಂಗಳಿಗೆ ಹೋಯಿತು.

ಅಷ್ಟರಲ್ಲಿ ಬೆಳಕೆಯ ಅತ್ತಿಗೆಯ ಮನೆಯಲ್ಲಿ ಪೂಜೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಇವರು ಗಂಜಿತಿಳಿ ಕುಡಿದು ಬಾವಿಕಟ್ಟೆಗೆ ಹೋದರು. ಅಲ್ಲಿ ತೆಂಗಿನ ಮರಕ್ಕೆ ಮೊಳೆ ಹೊಡೆದು ಒಂದು ಪ್ಲಾಸ್ಟಿಕ್ ಚೌಕಟ್ಟಿನ ಕನ್ನಡಿ ನೇತುಹಾಕಿದ್ದರು, ಅತ್ತಿಗೆಯ ಗಂಡ ಗಡ್ಡ ಕೆರೆಯುವುದು ಅದರಲ್ಲೇ. ಸ್ವಲ್ಪ ಹೊತ್ತಿಗೆ ಇವರು ನನ್ನನ್ನು ಕೂಗಿದರು. ಹೋದೆ. ಬಿಸಿಲಿಗೆ ಮುಖ ಒಡ್ಡಿ, ಬೆರಳಿಂದ ಬಲಗೆನ್ನೆ ಎಳೆದು ನಿಂತಿದ್ದರು. ಒಳಗೆ ಎರಡು ರೂಪಾಯಿ ಬಿಲ್ಲೆಯಷ್ಟು ಬಿಳಿ ಮಚ್ಚೆ, ಸುತ್ತ ಕೆಂಪು, ನಡುವೆ ಗುಳಿ.

"ಬೆಳಿಗ್ಗೆ ಇರ್ಲಿಲ್ಲ ಇದು," ಅಂದರು. "ದೇವರಾಣೆಗೂ ಇರ್ಲಿಲ್ಲ."

ನಾನು ಕನ್ನಡಿಯ ಮಾತು ಎತ್ತದೆ, ನಾಳೆಯೇ ಡಾಕ್ಟರ ಹತ್ತಿರ ಹೋಗುವ ಅಂದೆ.

ಡಾಕ್ಟರು ನೋಡಿ, ಇದು ಕಡಿಮೆ ಅಂದರೂ ಎರಡು ತಿಂಗಳಿಂದ ಇದೆ, ಕುತ್ತಿಗೆಗೂ ಇಳಿದಿದೆ, ಇನ್ನು ಕೊಯ್ಯಲಾಗುವುದಿಲ್ಲ ಅಂದರು. ನೋವಿಗೆ ಮದ್ದು ಬರೆದರು. ದಿನಾ ನೋಡಿಕೊಳ್ಳಿ ಅಂದಿದ್ದೆನಲ್ಲ ಅಂತ ಕೇಳಿದರು. ಇವರು ತಪ್ಪು ಮಾಡಿದ ಶಾಲೆ ಮಕ್ಕಳ ಹಾಗೆ ತಲೆ ತಗ್ಗಿಸಿ, "ನೋಡ್ತಿದ್ದೆ ಸಾರ್, ಕಾಣ್ಲಿಲ್ಲ," ಅಂದರು. ಆಗಲಾದರೂ ನಾನು ಹೇಳಬೇಕಿತ್ತು. ಆ ಕುರ್ಚಿಯಲ್ಲಿ ಕಲ್ಲಾಗಿ ಕೂತಿದ್ದೆನಲ್ಲ, ನನ್ನ ಮೇಲೆ ನನಗೆ ಇವತ್ತಿಗೂ ಬರುವ ಸಿಟ್ಟು ಅಷ್ಟಿಷ್ಟಲ್ಲ.

ಮನೆಗೆ ಬಂದ ವಾರದಲ್ಲಿ ಇವರು ಒಬ್ಬರೇ ಕುಮಟಾಕ್ಕೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ತಮ್ಮ ಕಣ್ಣೇ ಹೋಗಿದೆ ಅಂತ ತಿಳಿದಿದ್ದರು. "ಕಂಡಕ್ಟರ್ ಆಗಿ ಖೋಟಾ ನೋಟು ಹಿಡಿದವ ನಾನು. ನನ್ನ ಬಾಯಿ ನಂಗೆ ಕಾಣ್ಲಿಲ್ಲಲ್ಲ. ನಿಂಗೆ ಅನ್ಯಾಯ ಮಾಡ್ದೆ ಮಾರಾಯ್ತಿ," ಅಂದರು. ಚಸ್ಮಾ ಬಂದ ದಿನ ಅದನ್ನು ಹಾಕಿಕೊಂಡು ಸೀದಾ ಬಚ್ಚಲಿಗೆ ಹೋದರು. ತಿರುಗಿ ಬಂದು ಮಂಚದ ಮೇಲೆ ಕೂತರು.

"ಇದ್ರಲ್ಲೂ ಸಮ ಕಾಣೂದಿಲ್ಲ. ನಂಬರು ತಪ್ಪಿದ್ದು ಕಾಣ್ತದೆ. ನಾಳೆ ಮತ್ತೆ ಹೋಗ್ವ."

ನನ್ನಿಂದ ತಡೆಯಲಾಗಲಿಲ್ಲ. "ನಿಮ್ಮ ಕಣ್ಣಿಗೆ ಎಂತದೂ ಆಗ್ಲಿಲ್ಲ," ಅಂದೆ. "ಆ ಕನ್ನಡಿಯೇ ಅಂಥದ್ದು, ದೀಪವೂ ಅಂಥದ್ದು. ಅದ್ರಲ್ಲಿ ಏನೂ ಕಾಣೂದಿಲ್ಲ ಅಂತ ಗೊತ್ತಿದ್ದೇ ತಂದೆ. ನಿಮ್ಮ ಮುಖ ನಿಮ್ಗೆ ಕಾಣ್ಬಾರ್ದು ಅಂತ."

ಇವರು ಚಸ್ಮಾ ತೆಗೆದು ಮಡಚಿದರು. ಒಂದೊಂದೇ ಶಬ್ದ ಬಿಡಿಸಿ ಹೇಳಿದರು. "ನನ್ನ ಮುಖ ನಾ ಆಸ್ಪತ್ರೆಲೇ ನೋಡಿದ್ದೆ. ಪಟ್ಟಿ ಬಿಚ್ಚಿದ ದಿನವೇ ನರ್ಸಮ್ಮನ ಫೋನ್ ಇಸ್ಕಂಡು ನೋಡ್ದೆ. ಒಂದಿನ ಅತ್ಬಿಟ್ಟೆ, ಮತ್ತೆ ಅಭ್ಯಾಸ ಆತು." ಉಸಿರು ತೆಗೆದುಕೊಂಡರು. "ನೋಡೂಕಾಗದೆ ಇದ್ದದ್ದು ನಂಗಲ್ಲ. ನಿಂಗೆ. ಅಲ್ದಾ?"

ಆಪರೇಶನ್ ಆಗಿ ಮನೆಗೆ ಬಂದಂದಿನಿಂದ ನಾನು ಮುಖ ಬಿಟ್ಟು ಇವರ ಅಂಗಿಯ ಗುಂಡಿ ನೋಡಿಕೊಂಡೇ ಮಾತಾಡುತ್ತಿದ್ದೆ. ಅದು ಇವರಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ.

"ಹೌದು," ಅಂದೆ.

ಇವರು ನನಗೆ ಕಾಣದ ಹಾಗೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಅವತ್ತಿನಿಂದ ಕೊನೆಯವರೆಗೂ, ನಾನು ಕೋಣೆಗೆ ಬಂದಾಗಲೆಲ್ಲ, ಹಾಗೇ ತಿರುಗಿ ಮಲಗುತ್ತಿದ್ದರು.