ಖಾರವಿಲ್ಲದ ತಾಟು

ಹೋದ ವಾರ ಚಿಕ್ಕೋಡಿಯ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಯಾರದೋ ಹುಟ್ಟುಹಬ್ಬ. ಪಿಜ್ಜಾ ತರಿಸಿದ್ದರು. ಜೊತೆಗೆ ಬಂದಿದ್ದ ಓರೆಗಾನೊದ ಚಿಕ್ಕ ಪಾಕೀಟನ್ನು ಒಬ್ಬರು ಹರಿದರು. ಅಜವಾನದ ಹಾಗೂ ಇದ್ದ, ಒಣಹುಲ್ಲಿನ ಹಾಗೂ ಇದ್ದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೈಯಲ್ಲಿದ್ದ ತುಂಡನ್ನು ಹಾಗೇ ಹಿಡಿದು ಕುಳಿತುಬಿಟ್ಟೆ. ನಿಪ್ಪಾಣಿಯ ಕಾಕು ನೆನಪಾಗಿದ್ದರು…

ಮೊದಲ ನೌಕರಿ ಸಿಕ್ಕಿ ತೆಲಸಂಗದಿಂದ ನಿಪ್ಪಾಣಿಗೆ ಹೋದಾಗ, ಅವರ ಮನೆಯ ಮುಂದಿನ ಖೋಲಿ ನನಗೆ ಬಾಡಿಗೆಗೆ ಸಿಕ್ಕಿತ್ತು. ಅವರಿಗೆ ಆಗ ಅರವತ್ತರ ಆಸುಪಾಸು. ಅಕ್ಕೋಳದಲ್ಲಿ ಹುಟ್ಟಿ, ಮದುವೆಯಾಗಿ ನಿಪ್ಪಾಣಿಗೆ ಬಂದು, ಮೂವತ್ತು ವರ್ಷ ತಂಬಾಕಿನ ವಖಾರಿಯಲ್ಲಿ ದುಡಿದವರು. ಗಂಡ ತೀರಿಕೊಂಡಿದ್ದರು. ಮನೆಯಲ್ಲಿ ಮಗ, ಸೊಸೆ, ಕಾಲೇಜಿಗೆ ಹೋಗುವ ಒಬ್ಬಳೇ ಮೊಮ್ಮಗಳು. ಅರ್ಧ ಮರಾಠಿ, ಅರ್ಧ ಕನ್ನಡ ಬೆರೆತ ಮಾತು. ಓಣಿಯವರೆಲ್ಲ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಶಾಲೆಯ ಟೀಚರಾದ ನನ್ನನ್ನು ಅವರು ಅಕ್ಕೋರು ಎನ್ನುತ್ತಿದ್ದರು.

ಓಣಿಗೆ ಅವರು ಬೇಕಾಗಿದ್ದದ್ದು ವರ್ಷಕ್ಕಾಗುವ ಖಾರದ ಪುಡಿಗೆ. ಬೇಸಿಗೆ ಬಂತೆಂದರೆ ಅಕ್ಕಪಕ್ಕದ ಮನೆಯವರೆಲ್ಲ ಒಣಮೆಣಸಿನಕಾಯಿ ತಂದು ಅವರ ಅಂಗಳದಲ್ಲಿ ಹರವುತ್ತಿದ್ದರು. ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕೊಬ್ಬರಿ, ಮಸಾಲೆ ಹುರಿಯಲು ಕೈಗಳು ಎಷ್ಟೋ ಇದ್ದವು. ಹದ ಹೇಳಲು ಮಾತ್ರ ಕಾಕು ಅವರ ನಾಲಿಗೆಯೇ ಆಗಬೇಕು. ಚಿಟಿಕೆ ಖಾರ ನಾಲಿಗೆಗೆ ಹಚ್ಚಿಕೊಂಡು, ಕಣ್ಣು ಮುಚ್ಚಿ, ಏನು ಕಡಿಮೆ ಏನು ಹೆಚ್ಚು ಎಂದು ಹೇಳಿಬಿಡುತ್ತಿದ್ದರು. ಅವರು ಕೊಟ್ಟ ಪಲ್ಯ ತಿಂದು ನನ್ನ ಕಣ್ಣಲ್ಲಿ ನೀರು ಬಂದರೆ ಬಾಗಿಲಲ್ಲಿ ನಿಂತು ನಗುತ್ತಿದ್ದರು.

ವಖಾರಿಯ ದಿನಗಳಿಂದಲೂ ಅವರಿಗೆ ಮಿಶ್ರಿಯ ಚಟವಿತ್ತು. ತಂಬಾಕು ಹುರಿದು ಮಾಡಿದ ಆ ಕರಿಪುಡಿಯನ್ನು ಬೆಳಿಗ್ಗೆ, ಸಂಜೆ ಹಲ್ಲಿಗೆ ತಿಕ್ಕಬೇಕು, ಇಲ್ಲದಿದ್ದರೆ ತಲೆ ಹಿಡಿಯುತ್ತದೆ ಎನ್ನುತ್ತಿದ್ದರು. ನಾನು ಹೋದ ಮೂರನೆಯ ಬೇಸಿಗೆಯಲ್ಲಿ, ಖಾರದ ಹದ ನೋಡಲು ಚಿಟಿಕೆ ಬಾಯಿಗೆ ಹಾಕಿಕೊಂಡವರು ಮುಖ ಹಿಂಡಿ ಎದ್ದು ಹೋಗಿ ಬಾಯಿ ತೊಳೆದರು. ಗಲ್ಲದ ಒಳಗೆ ಗಾಯವಾಗಿತ್ತು. ಯಾರಿಗೂ ಹೇಳಿರಲಿಲ್ಲ. ಕ್ಯಾನ್ಸರ್ ಎಂದು ಗೊತ್ತಾಗಿ ಕೊಲ್ಲಾಪುರದಲ್ಲಿ ಆಪರೇಷನ್ ಆಯಿತು. ಎಡಗಲ್ಲವನ್ನೂ ದವಡೆಯ ಒಂದು ತುಂಡನ್ನೂ ತೆಗೆದು, ಎದೆಯ ಚರ್ಮ ತಂದು ಹೊಲಿದಿದ್ದರು.

ಜೀವ ಉಳಿಯಿತು. ಆದರೆ ಬಾಯಿ ಎರಡು ಬೆರಳಿನಷ್ಟೇ ತೆರೆಯುತ್ತಿತ್ತು. ಎಡಗಡೆಯ ತುಟಿ ಕೂಡುತ್ತಿರಲಿಲ್ಲ, ಅಲ್ಲಿ ಸ್ಪರ್ಶವೂ ತಿಳಿಯುತ್ತಿರಲಿಲ್ಲ. ತಿಂದದ್ದು ಹೊರಗೆ ಇಳಿಯುತ್ತಿತ್ತು. ಸೊಸೆ ಒಳ್ಳೆಯವಳು, ಪಕ್ಕದಲ್ಲೇ ಕೂತು ಉಣ್ಣಿರೆಂದು ಬೇಡಿಕೊಂಡಳು. ಕಾಕು ಕೇಳಲಿಲ್ಲ. ಹಿತ್ತಿಲ ಕಡೆಯ ಖೋಲಿಯ ಬಾಗಿಲು ಮುಚ್ಚಿಕೊಂಡು, ಗೋಡೆಗೆ ಮುಖ ಮಾಡಿ ಗಂಜಿ ಕುಡಿಯುತ್ತಿದ್ದರು. ಊರಲ್ಲಿ ಯಾರ ಮದುವೆಯಿದ್ದರೂ ಅಕ್ಷತೆ ಹಾಕಿ ಹೊರಟುಬಿಡುತ್ತಿದ್ದರು.

ಅದೇ ವರ್ಷ ಹೈವೇ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಒಂದು ಇಟಾಲಿಯನ್ ಹೋಟೆಲ್ ಶುರುವಾಯಿತು. ಪುಣೆಯಲ್ಲಿ ಅಡುಗೆ ಮಾಡುತ್ತಿದ್ದ ಒಬ್ಬರು ಊರಿಗೆ ಮರಳಿ ತೆರೆದದ್ದು. ಐದಾರು ಟೇಬಲ್ಲು, ಚೌಕಳಿ ಹೊದಿಕೆ. ಶಾಲೆಯವರ ಜೊತೆ ಹೋಗಿದ್ದಾಗ ನಾನು ಬಿಳಿ ಸಾಸಿನ ಪಾಸ್ತಾ ತಿಂದೆ. ಹಾಲು, ಬೆಣ್ಣೆ, ಚೀಸು… ಮೆಣಸಿನಕಾಯಿಯ ಹೆಸರಿಲ್ಲ, ಹಲ್ಲಿಗೆ ಕೆಲಸವಿಲ್ಲ. ಕಾಕು ಇದನ್ನು ತಿನ್ನಬಹುದಲ್ಲ ಅನಿಸಿತು.

ಅವರನ್ನು ಒಪ್ಪಿಸಲು ತಿಂಗಳೇ ಹಿಡಿಯಿತು. ಕಡೆಗೆ ಒಂದು ಮಧ್ಯಾಹ್ನ ಮೂರು ಗಂಟೆಗೆ, ಗಿರಾಕಿಗಳಿಲ್ಲದ ಹೊತ್ತಿಗೆ ಹೋದೆವು. ಸೆರಗನ್ನು ಗಲ್ಲ ಮುಚ್ಚುವ ಹಾಗೆ ಹೊದ್ದು, ಕೈಯಲ್ಲೊಂದು ಟವೆಲ್ ಹಿಡಿದು ಬಂದಿದ್ದರು. ನಾನು ಒಳಗೆ ಹೋಗಿ ಅವರ ಬಾಯಿಯ ಸ್ಥಿತಿ ಹೇಳಿದೆ. ಆ ಮಾಲೀಕರು ಏನೂ ಕೇಳದೆ ಪಾಸ್ತಾವನ್ನು ಇನ್ನಷ್ಟು ಹೊತ್ತು ಬೇಯಿಸಿ, ಸಣ್ಣಗೆ ಕತ್ತರಿಸಿ ತಂದರು. ಮೇಲೆ ಉದುರಿಸಿದ ಪುಡಿಯನ್ನು ಕಾಕು ಬಗ್ಗಿ ಮೂಸಿದರು.

"ಅಜವಾನ ಅಲ್ರಿ ಇದು. ಅದರ ತಂಗಿ ಇದ್ದಂಗ ಐತಿ," ಎಂದರು. ಎಷ್ಟೋ ತಿಂಗಳ ಮೇಲೆ ಅವರು ಒಂದು ರುಚಿಯ ಬಗ್ಗೆ ಮಾತಾಡಿದ್ದು ಆಗಲೇ.

ಗೋಡೆಗೆ ಮುಖ ಮಾಡಿ ಕೂತು, ಒಂದೊಂದೇ ತುಣುಕನ್ನು ಬಲಗಡೆ ತಳ್ಳಿಕೊಳ್ಳುತ್ತ ತಿಂದರು. ತಾಟು ಖಾಲಿಯಾಗಲು ಒಂದು ತಾಸು ಬೇಕಾಯಿತು. ಟವೆಲಿನಿಂದ ಬಾಯಿ ಒರೆಸಿಕೊಂಡು, "ಉರೀಲಿಲ್ರಿ ಅಕ್ಕೋರ," ಎಂದರು. ಅಷ್ಟೇ.

ಆಮೇಲೆ ತಿಂಗಳಿಗೆ ಎರಡು ಸಲವಾದರೂ ಹೋಗುತ್ತಿದ್ದೆವು. ಬರಬರುತ್ತ ಕಾಕು ಗೋಡೆಯ ಕಡೆ ಕೂಡುವುದನ್ನು ಬಿಟ್ಟರು. ಗದ್ದ ಸ್ವಲ್ಪ ಮೇಲೆತ್ತಿ ನುಂಗುವುದನ್ನು ಕಲಿತರು. ಪಕ್ಕದ ಟೇಬಲಿಗೆ ಜನ ಬಂದರೂ ಚಮಚ ಕೆಳಗಿಡುತ್ತಿರಲಿಲ್ಲ. ಅವರಿಗೆ ಹೊರಗೆ ಬರುವುದೇ ಒಂದು ಸಮಾಧಾನ ಎಂದು ನಾನು ತಿಳಿದಿದ್ದೆ.

ಮರುವರ್ಷದ ಬೇಸಿಗೆಯಲ್ಲಿ ಮೊಮ್ಮಗಳಿಗೆ ಕಾಗವಾಡದ ಕಡೆಯ ಸಂಬಂಧ ಕೂಡಿಬಂತು. ಸಾಖರಪುಡಾ, ಅಂದರೆ ನಿಶ್ಚಯದ ಕಾರ್ಯ, ಮನೆಯ ಮುಂದೆಯೇ ಎಂದಾಯಿತು. ಅದಕ್ಕೆ ಒಂದು ವಾರವಿದ್ದಾಗ ಹೋಟೆಲಿನಲ್ಲಿ ಕಾಕು ಚಮಚ ತಾಟಿನಲ್ಲಿಟ್ಟು ನನ್ನನ್ನೇ ನೋಡಿದರು.

"ಅಕ್ಕೋರ, ಖರೆ ಹೇಳ್ರಿ. ಸಾಖರಪುಡಾದ ದಿನಾ ನಾ ಎಲ್ಲಾರ ಜೋಡಿ ಪಂಕ್ತ್ಯಾಗ ಕುಂತು ಉಂಡ್ರ ಕೆಟ್ಟ ಕಾಣತೈತೇನ್ರಿ? ಇಷ್ಟ ದಿನಾ ಅದಕ್ಕ ಇಲ್ಲಿ ರೂಢಿ ಮಾಡ್ಕೊಳ್ಳಾಕತ್ತಿದ್ದೆ."

ಆ ಹೊತ್ತಿಗೆ ಅವರ ಎಡಗಡೆಯ ತುಟಿಯಿಂದ ಬಿಳಿ ಸಾಸು ಗದ್ದದವರೆಗೆ ಇಳಿದಿತ್ತು. ಅವರಿಗೆ ತಿಳಿದಿರಲಿಲ್ಲ. ನನ್ನ ಕಣ್ಣು ಅಲ್ಲಿಗೇ ಹೋಯಿತು. ಬೀಗರ ಕಡೆಯವರು, ಎದುರು ಸಾಲಿನಲ್ಲಿ ಕೂತ ಹೆಂಗಸರು, ಅವರ ಮುಖ… ಎಲ್ಲ ಒಮ್ಮೆಲೇ ಕಂಡಂತಾಯಿತು.

"ಯಾಕ ತ್ರಾಸ ತಗೋತೀರಿ ಕಾಕು," ಎಂದೆ. "ಎಲ್ಲಾರದೂ ಆದ ಮ್ಯಾಲ ನಾವಿಬ್ರೂ ಒಳಗ ಕುಂತು ಉಣ್ಣೋಣಂತ."

ಅವರು ನನ್ನ ಕಣ್ಣು ಎಲ್ಲಿತ್ತೆಂದು ನೋಡಿದ್ದರು. ಕೈ ನಿಧಾನವಾಗಿ ಗದ್ದಕ್ಕೆ ಹೋಯಿತು. ಟವೆಲಿನಿಂದ ಒರೆಸಿಕೊಂಡರು. "ಹೌದ್ರಿ, ಅದೂ ಖರೆ ಐತಿ," ಎಂದರು. ಅವತ್ತು ಅರ್ಧ ತಾಟು ಹಾಗೇ ಉಳಿಯಿತು.

ಸಾಖರಪುಡಾದ ದಿನ ಕಾಕು ಹೊಸ ಇಳಕಲ್ ಸೀರೆ ಉಟ್ಟು ಒಳಬಾಗಿಲಲ್ಲಿ ನಿಂತಿದ್ದರು. ಬೀಗರಿಗೆ ಇನ್ನಷ್ಟು ಬಡಿಸಿ ಎಂದು ಕೈಸನ್ನೆಯಲ್ಲೇ ಹೇಳುತ್ತಿದ್ದರು. ಎಲ್ಲರ ಊಟವಾದ ಮೇಲೆ ನಾನು ಎರಡು ತಾಟು ಹಿಡಿದು ಒಳಗೆ ಹೋದೆ. ಹಸಿವಿಲ್ಲ ಎಂದರು. ಒಂದು ಲೋಟ ಹಾಲು ಕುಡಿದು ಮಲಗಿದರು. ಹೋಟೆಲಿಗೆ ಕರೆದರೆ ಬಿಸಿಲು ಭಾಳ ಐತಿ ಎಂದರು, ಮತ್ತೊಮ್ಮೆ ಕರೆದರೆ ಮಳೆ ಎಂದರು. ನಾನೂ ಒತ್ತಾಯ ಮಾಡಲಿಲ್ಲ.

ಆ ಮಳೆಗಾಲದಲ್ಲೇ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಕೊಲ್ಲಾಪುರದವರು ಇನ್ನೇನೂ ಮಾಡುವ ಹಾಗಿಲ್ಲ ಎಂದು ಕಳಿಸಿದರು. ಮೂಗಿನಲ್ಲಿ ನಳಿಕೆ ಹಾಕಿದ್ದರು, ಅದರಲ್ಲೇ ಹಾಲು, ನೀರು. ನಾನು ಪಕ್ಕದಲ್ಲಿ ಕೂತರೆ ಕೈ ಹಿಡಿಯುತ್ತಿದ್ದರು. ಮಾತು ನಿಂತುಹೋಗಿತ್ತು. ದೀಪಾವಳಿಗೆ ಮುಂಚೆ ಹೋದರು. ಮೊಮ್ಮಗಳ ಮದುವೆ ಮುಂದಿನ ಬೇಸಿಗೆಯಲ್ಲಾಯಿತು. ಅಷ್ಟರಲ್ಲಿ ನನಗೆ ಚಿಕ್ಕೋಡಿಗೆ ವರ್ಗವಾಗಿತ್ತು.

ಇಷ್ಟು ವರ್ಷಗಳ ಮೇಲೆ, ಸ್ಟಾಫ್ ರೂಮಿನಲ್ಲಿ ಹಾಗೆ ಕೂತಂದಿನಿಂದ ಮನಸ್ಸು ನಿಲ್ಲಲಿಲ್ಲ. ಮೊನ್ನೆ ಭಾನುವಾರ ನಿಪ್ಪಾಣಿಗೆ ಹೋಗಿ ಬಂದೆ. ಆ ಹೋಟೆಲಿದ್ದ ಜಾಗದಲ್ಲಿ ಈಗ ಟೈರಿನ ಅಂಗಡಿ. ಮನೆಯಲ್ಲಿ ಮೊಮ್ಮಗಳು ಸಿಕ್ಕಳು, ಮಗುವನ್ನು ಕರೆದುಕೊಂಡು ತವರಿಗೆ ಬಂದಿದ್ದಳು. ಚಹಾ ಕೊಟ್ಟು ಎದುರಿಗೆ ಕೂತಳು. ಅಜ್ಜಿಯನ್ನು ಅವಳು ಆಯಿ ಎನ್ನುತ್ತಿದ್ದಳು. ಏನೇನೋ ಮಾತು ಬಂದು, ಕಡೆಗೆ ಅವಳು ಹೇಳಿದಳು: "ಸಾಖರಪುಡಾದ ದಿನಾ ನನ್ನ ಬಾಜೂಕ ಆಯಿಗಂತ ಜಾಗಾ ಹಿಡಿದು ಕುಂತಿದ್ದೆರಿ ಅಕ್ಕೋರ. ಎರಡ ಸಲ ಕರದೆ. ಬರಲೇ ಇಲ್ಲ. ಯಾಕ ಬರಲಿಲ್ಲೋ ಏನೋ, ಇವತ್ತಿಗೂ ತಿಳಿದಿಲ್ಲ."

ಹೇಳಬೇಕೆಂದೇ ಬಾಯಿ ತೆರೆದೆ. ಮಗು ಬಂದು ಅವಳ ತೊಡೆಯ ಮೇಲೆ ಕೂತಿತು.

"ನುಂಗಾಕ ತ್ರಾಸ ಆಗತಿತ್ತಲ್ಲ, ಅದಕ್ಕ ಇರಬೇಕವಾ," ಎಂದೆ.

"ಹೂಂರಿ, ಅದಕ್ಕ ಇರಬೇಕು," ಎಂದು ಅವಳು ಮಗುವಿನ ತಲೆ ಸವರಿದಳು. ನನ್ನ ಮಾತನ್ನು ನಂಬಿದ್ದಳು.