ಹಗ್ಗವಿಲ್ಲದ ಕಾರು

ಕಾರು ಮಾರುವುದಿದೆ ಎಂದು ಮೊಬೈಲಿನಲ್ಲಿ ಫೋಟೋ ಹಾಕಿದ ದಿನದಿಂದ ಮನುಷ್ಯರ ಮೇಲೆ ನನಗಿದ್ದ ಅಲ್ಪಸ್ವಲ್ಪ ನಂಬಿಕೆಯೂ ಹೋಯಿತು. ಮೊದಲೇನು ಬಹಳ ಇತ್ತೆಂದಲ್ಲ. ಹಾಲಿನವನು ಅಳತೆಯ ಮೇಲೆ ಒಂದು ತೊಟ್ಟು ಹೆಚ್ಚಿಗೆ ಹಾಕಿದರೂ ಇವತ್ತು ನೀರೆಷ್ಟು ಬೆರೆಸಿರಬೇಕು ಎಂದು ಯೋಚಿಸುವ ಜಾಯಮಾನ ನನ್ನದು.

ಶಹಾಪುರದ ನಮ್ಮ ಮನೆಯ ಮುಂದಿನ ತಗಡಿನ ಶೆಡ್ಡಿನಲ್ಲಿ ನಿಂತಿದ್ದ ಆ ಕಾರು ಇಂಗ್ಲೆಂಡಿನಲ್ಲಿ ತಯಾರಾದದ್ದು. ಇಬ್ಬರಷ್ಟೇ ಕೂಡುವಂಥ, ಬಟ್ಟೆಯ ಚಾವಣಿಯ ಸ್ಪೋರ್ಟ್ಸ್ ಕಾರು. ಎಷ್ಟು ತಗ್ಗೆಂದರೆ ಪಕ್ಕದಲ್ಲಿ ಎಮ್ಮೆ ಬಂದು ನಿಂತರೆ ಎಮ್ಮೆಯೇ ಕೆಳಗೆ ಬಗ್ಗಿ ನೋಡಬೇಕು. ಹೈದರಾಬಾದಿನ ಗ್ಯಾರೇಜೊಂದರಲ್ಲಿ ಮೇಸ್ತ್ರಿಯಾಗಿದ್ದ ನನ್ನ ಸೋದರಮಾವ, ಯಾವುದೋ ನವಾಬರ ಮನೆಯವರು ಬೇಡವೆಂದು ಬಿಟ್ಟಿದ್ದ ಅದನ್ನು ಕೊಂಡು, ಓಡಿಸಿಕೊಂಡೇ ಊರಿಗೆ ತಂದಿದ್ದ. ಸುರಪುರದ ರಸ್ತೆಯಲ್ಲಿ ಅವನು ಹೊರಟರೆ ಹೊಲದವರು ಕಳೆ ಕೀಳುವುದನ್ನು ಬಿಟ್ಟು ಎದ್ದು ನಿಲ್ಲುತ್ತಿದ್ದರು. ನನ್ನ ಅವ್ವ ಒಂದೇ ಒಂದು ಸಲ ಅದರಲ್ಲಿ ಕೂತು, “ಯಣ್ಣಾ, ಕುಂತರ ಕುಂಡಿ ನೆಲಕ್ಕ ಹತ್ತತದಲ್ಲೋ” ಎಂದು ಇಳಿದವಳು ಮತ್ತೆ ಹತ್ತಲಿಲ್ಲ.

ನಮ್ಮ ಕಡೆಯ ಒಣ ಹವೆಯ ಪುಣ್ಯ, ಕಾರಿಗೆ ತುಕ್ಕು ಹಿಡಿಯಲಿಲ್ಲ. ಕಂದುಗೆಂಪು ಬಣ್ಣ ಇದ್ದಂತೆಯೇ ಇತ್ತು. ಚರ್ಮದ ಸೀಟು, ಕಟ್ಟಿಗೆಯ ಸ್ಟೇರಿಂಗು, ತಂತಿ ಕಡ್ಡಿಗಳ ಗಾಲಿ, ಎಲ್ಲವೂ ಇದ್ದವು. ಗೇರಿನ ಸರಳಿನ ತುದಿಗೆ ನಿಂಬೆಹಣ್ಣಿನಷ್ಟು ದೊಡ್ಡ ಕಟ್ಟಿಗೆಯ ಗುಂಡೊಂದಿತ್ತು. ಮಾವನ ಅಂಗೈ ತಿಕ್ಕಿ ತಿಕ್ಕಿ ಅದು ಒಂದು ಬದಿಗೆ ಸವೆದು, ಹುಣಸೆಬೀಜದ ಹಾಗೆ ಮಿರುಗುತ್ತಿತ್ತು.

ಇಲ್ಲದ್ದು ಒಂದೇ, ಇಂಜಿನ್ನು. ಇಲ್ಲವೆಂದಲ್ಲ, ಎಣ್ಣೆಯ ಡಬ್ಬಿಗಳಲ್ಲಿತ್ತು. ಕೈಲಾಗದ ಕಾಲಕ್ಕೆ ಮಾವ ಕೀಲಿ ನನ್ನ ಕೈಗಿಟ್ಟು, “ಓಡ್ಸು. ಇಲ್ಲಾ ಓಡ್ಸಾವಗ ಕೊಡು. ಬಿಚ್ಚಿ ಮಾತ್ರ ಮಾರಬ್ಯಾಡೋ ತಮ್ಮಾ” ಎಂದಿದ್ದ. ನಾನು ನೀರಾವರಿ ಕಚೇರಿಯಲ್ಲಿ ಕಾಲುವೆಗಳ ನಕ್ಷೆ ಬರೆಯುವವನು. ದುರಸ್ತಿ ಮಾಡಿ ಓಡಿಸುವ ಉಮೇದಿನಲ್ಲಿ ಇಂಜಿನ್ನು ಇಳಿಸಿ, ಒಂದೊಂದು ಭಾಗವನ್ನೂ ಒರೆಸಿ ಡಬ್ಬಿಗೆ ತುಂಬಿದೆ. ತಿರುಗಿ ಕೂಡಿಸಬೇಕೆನ್ನುವಾಗ ನನ್ನ ಕೈಯ ಮೇಲೆಯೇ ಸಂಶಯ ಶುರುವಾಯಿತು. ಒಂದು ನಟ್ಟು ಬಿಗಿದರೆ ಹೆಚ್ಚು ಬಿಗಿದೆನೇನೋ ಎಂದು ಸಡಿಲಿಸುವೆ, ಸಡಿಲಾಯಿತೇನೋ ಎಂದು ಮತ್ತೆ ಬಿಗಿಯುವೆ. ಹೀಗೆ ವರ್ಷಗಳು ಹೋದವು. ಮಾವ ಹೋದ. ಬಿಚ್ಚುವ ಕೆಲಸ ನಾನೇ ಮಾಡಿ ಮುಗಿಸಿದ್ದೆ, ಮಾರುವುದೊಂದೇ ಬಾಕಿ ಉಳಿದಿತ್ತು.

ಆ ಬಾಕಿಯನ್ನು ನೆನಪಿಸಿದವಳು ಹೆಂಡತಿ. ಖಡಕ್ ರೊಟ್ಟಿ ಮಾಡಿ ಖಾನಾವಳಿಗಳಿಗೆ ಕೊಡುವ ಕೆಲಸ ಶುರು ಮಾಡಿದ್ದಳು. ಅಡುಗೆಮನೆಯಲ್ಲಿ ಜಾಗ ಸಾಲುತ್ತಿರಲಿಲ್ಲ.

“ರೀ, ಶ್ರಾವಣದಾಗ ಎರಡು ಒಲಿ ಹಚ್ಚಬೇಕು. ನಿಮ್ಮ ಕಾರಿನ ಮ್ಯಾಲ ಹಚ್ಲೇನು?”

“ಮಾರ್ತೀನಿ. ಖರೆ, ಬಿಚ್ಚಿ ಮಾರಾವಗ ಕೊಡಂಗಿಲ್ಲ. ಓಡ್ಸಾವನ ಬೇಕು.”

“ಓಡ್ಸಾವ ಸಿಗೂತನಕ ನಾ ರೊಟ್ಟಿ ಎಲ್ಲಿ ಬಡೀಲಿ, ನಿಮ್ಮ ತಲಿ ಮ್ಯಾಲ?”

ಮೊದಲು ಫೋನು ಬಂದದ್ದು ಹೈದರಾಬಾದಿನ ಒಬ್ಬನಿಂದ. ಕಾರಿನ ಕ್ಷೇಮಸಮಾಚಾರ ಒಂದೂ ಕೇಳದೆ, ಮೀಟರುಗಳು ಎಷ್ಟಿವೆ, ಗಾಲಿ ಐದೂ ಇವೆಯಾ, ದೀಪದ ಗಾಜು ಒಡೆದಿಲ್ಲವಷ್ಟೆ ಎಂದು ದಖನಿ ಉರ್ದುವಿನಲ್ಲಿ ವಿಚಾರಿಸಿದ. ಕುರಿ ಕೊಳ್ಳುವವನು ಬರೀ ಕಾಲು, ತಲೆಗಳ ಬಗ್ಗೆ ಕೇಳಿದರೆ ಏನರ್ಥ? ಫೋನು ಇಟ್ಟುಬಿಟ್ಟೆ. ಆಮೇಲೆ ಸುರಪುರದಿಂದ ಫೋಟೋ ಸ್ಟುಡಿಯೋದ ಹುಡುಗನೊಬ್ಬ ಬಂದು, ಇಂಜಿನ್ನಿನ ಡಬ್ಬಿಗಳನ್ನು ಕಾಲಿನಿಂದ ಸರಿಸಿ, “ಇವೆಲ್ಲಾ ನೀವ ಇಟ್ಕೋರಿ ಸರ್. ಮದುಮಕ್ಕಳು ಕುಂತು ಫೋಟೋ ತಗಸ್ಕೊಳ್ಳಾಕ ಗಾಡಿ ಓಡಬೇಕಂತೇನಿಲ್ಲ” ಎಂದ.

“ಬಯಲಾಗ ನಿಂದರಸ್ತಿ, ಮಳಿ ಬಂದ್ರ?”

“ಮಳಿ ಬಂದ್ರ ಇನ್ನಾ ಚಂದ ಬರ್ತಾವ್ರಿ ಫೋಟೋ!”

ಅವನನ್ನೂ ಚಹ ಕುಡಿಸಿ ಕಳಿಸಿದೆ.

ಮೂರನೆಯವರು ಯಾದಗಿರಿಯವರು, ನನ್ನದೇ ವಯಸ್ಸಿನವರು. ಕಾರು ಕೊಳ್ಳಲು ಬಸ್ಸಿನಲ್ಲಿ ಬಂದಿದ್ದರು. ಅಲ್ಲಿಂದಲೇ ನನಗೆ ಸಂಶಯ. ಕಾರಿನ ಸುತ್ತ ಎರಡು ಸುತ್ತು ಹಾಕಿ, ಬೆರಳ ಗಂಟಿನಿಂದ ಬಾಗಿಲು ಬಡಿದು ಕಿವಿಗೊಟ್ಟರು. ಒಳಗೆ ಚಿನ್ನ ಇದೆಯೆಂದು ಯಾರಾದರೂ ಇವರ ಕಿವಿ ಊದಿದ್ದಾರೆಯೇ? ನಮ್ಮ ಕಡೆ ನಿಧಿಯ ಹುಚ್ಚಿಗೆ ಗುಡಿಯ ಕಲ್ಲನ್ನೇ ಕೀಳುವವರಿದ್ದಾರೆ, ನವಾಬರ ಕಾರನ್ನು ಬಿಟ್ಟಾರೆಯೇ?

“ಯಾಕ್ರಿ ಬಡ್ಯಾಕತ್ತೀರಿ?”

“ತುಕ್ಕು ಮುಚ್ಚಾಕ ಪುಟ್ಟಿ ತುಂಬಿದ್ರ ಸಪ್ಪಳ ಬ್ಯಾರೆ ಬರ್ತದ್ರಿ ಸರ್. ಇದು ಪೂರಾ ತಗಡ ಅದ. ಭಾಳ ಚಲೋ ಇಟ್ಟೀರಿ.”

ನಂತರ ನೆಲದ ಮೇಲೆ ಚೀಲ ಹಾಸಿ, ಡಬ್ಬಿಗಳಲ್ಲಿದ್ದ ಭಾಗಗಳನ್ನು ಒಂದೊಂದಾಗಿ ತೆಗೆದು, ತಿರುಗಿಸಿ ನೋಡಿ, ಇದ್ದಲ್ಲಿಯೇ ಇಟ್ಟರು. ನಾನು ಹೇಳಿದ ಬೆಲೆಗೆ ಎದುರಾಡದೆ ತಲೆಯಾಡಿಸಿದರು. ಚೌಕಾಸಿಯೇ ಇಲ್ಲ! ಕೊತ್ತಂಬರಿ ಕಟ್ಟಿಗೂ ಚೌಕಾಸಿ ಮಾಡುವ ಈ ಜಿಲ್ಲೆಯಲ್ಲಿ! ಏನು ಕೆಲಸ ಮಾಡುತ್ತೀರಿ ಎಂದು ಕೇಳಿದೆ.

“ಬಸ್ ಸ್ಟ್ಯಾಂಡಿನ ಹತ್ರ ಸಣ್ಣ ಅಂಗಡಿ ಅದ್ರಿ. ಗಾಡಿ ಸಾಮಾನಿಂದು. ಬಿಡಿಭಾಗ.”

ಬಿಚ್ಚಿ ಮಾರುವುದೇ ಇವರ ಕಸುಬು! ಯೋಚಿಸಿ ಹೇಳುತ್ತೇನೆಂದು ಕಳಿಸಿದೆ. ಯೋಚನೆಯೆಂಬುದು ನನಗೇನೂ ಹೊಸದಾಗಿ ಶುರು ಮಾಡಬೇಕಾದ ಕೆಲಸವಲ್ಲ.

ಎರಡು ದಿನ ಬಿಟ್ಟು, ಜಿಲ್ಲಾ ಕಚೇರಿಯಲ್ಲಿ ಕೆಲಸವಿದೆ ಎಂದು ಮನೆಯಲ್ಲಿ ಹೇಳಿ ಯಾದಗಿರಿಯ ಬಸ್ಸು ಹತ್ತಿದೆ. ಮುಖಕ್ಕೆ ಮಾಸ್ಕು, ತಲೆಗೆ ಟೊಪ್ಪಿಗೆ. ಭೀಮಾ ನದಿಯ ಸೇತುವೆ ದಾಟುವಾಗ ಇದು ಅತಿಯಾಯಿತೇನೋ ಎಂದು ಅನಿಸಿತಾದರೂ ಟಿಕೆಟು ತೆಗೆದಾಗಿತ್ತು. ಅಂಗಡಿಯಲ್ಲಿ ಫ್ಯಾನ್ ಬೆಲ್ಟುಗಳು ಪಡವಲಕಾಯಿಯ ಹಾಗೆ ಜೋತುಬಿದ್ದಿದ್ದವು. ಗೋಡೆಯ ತುಂಬ ಯಾವ್ಯಾವುದೋ ಗಾಡಿಗಳ ಕರುಳು, ಕೀಲು, ಕಣ್ಣು. ಮೂಲೆಯಲ್ಲಿ ನಮ್ಮ ಕಾರಿನ ಮೀಟರುಗಳಿಗೆ ಹೊಂದುವಷ್ಟೇ ಜಾಗ ಖಾಲಿ ಇದ್ದಂತೆ ಕಂಡಿತು. ಒಂದು ಫ್ಯಾನ್ ಬೆಲ್ಟು ಕೊಡಿ ಎಂದೆ, ದನಿ ಬದಲಿಸಿ.

“ಯಾವ ಗಾಡೀದ್ರಿ?”

ಅದನ್ನು ನಾನು ಯೋಚಿಸಿರಲಿಲ್ಲ.

“ಬರ್ರಿ ಸರ್, ಒಳಗ ಬರ್ರಿ, ಚಾ ಕುಡೀರಿ,” ಎಂದರು ಅವರು ನಗುತ್ತ. “ಮಾಸ್ಕ್ ಹಾಕ್ಕೊಂಡ್ರ ನಡಿಗಿ ಬದಲಾಗ್ತದೇನ್ರಿ? ಅಲ್ಲಿ ರಸ್ತಾ ದಾಟೂವಾಗ ಬಲಕ್ಕ ನೋಡಿ, ಎಡಕ್ಕ ನೋಡಿ, ಮತ್ತ ಬಲಕ್ಕ ನೋಡಿ, ತಿರುಗಿ ಹೋಗಿ ಮತ್ತ ಬಂದ್ರಿ. ಶಹಾಪುರದ ಸರ್ ಅಂತ ಅಲ್ಲೇ ಗೊತ್ತಾತು.”

ಸಿಕ್ಕಿಬಿದ್ದ ಮೇಲೆ ನೇರವಾಗಿಯೇ ಕೇಳಿದೆ. “ಬಿಚ್ಚಿ ಮಾರಂಗಿಲ್ಲಲ್ರಿ?”

ಅವರು ಗೋಡೆಯತ್ತ ಕೈ ತೋರಿಸಿದರು. “ಮುಂಜಾನಿಂದ ಸಂಜೀತನಕ ತುಂಡು ತುಂಡ ಮಾರ್ತೀನ್ರಿ. ಒಂದರೆ ಇಡೀ ಗಾಡಿ ಕೈಯಿಂದ ಕೂಡ್ಸಬೇಕಂತ ಆಸಿ.”

ಮಾತು ಚಂದವಿತ್ತು. ಚಂದವಿದ್ದದ್ದಕ್ಕೇ, ಇದನ್ನು ಮೊದಲೇ ಬಾಯಿಪಾಠ ಮಾಡಿಟ್ಟಿದ್ದರೇನೋ ಎಂದು ವಾಪಸು ಬರುವ ದಾರಿಯುದ್ದಕ್ಕೂ ಸಂಶಯಪಟ್ಟೆ. ಆದರೂ ಹೂಂ ಎಂದು ಬಂದಿದ್ದೆ. ಶ್ರಾವಣ ಹತ್ತಿರವಿತ್ತು. ಕೈಯಲ್ಲಿ ಟ್ರ್ಯಾಕ್ಟರಿನ ಫ್ಯಾನ್ ಬೆಲ್ಟೊಂದಿತ್ತು, ಸಂಕೋಚಕ್ಕೆ ಕೊಂಡದ್ದು. ಜಿಲ್ಲಾ ಕಚೇರಿಯಲ್ಲಿ ಅದನ್ನು ಯಾಕೆ ಕೊಟ್ಟರೆಂದು ಹೆಂಡತಿ ಕೇಳಿದಳು.

ಕಾರು ಒಯ್ಯುವ ದಿನ ಅವರು ಒಂದು ಟೆಂಪೋ ತಂದರು. ಮುಂಜಾನೆಯೇ ಅವ್ವ ಶೆಡ್ಡಿಗೆ ಹೋಗಿ ಕಾರಿಗೆ ಅರಿಷಿಣ ಕುಂಕುಮ ಹಚ್ಚಿ, ಒಳಗೆ ಬಗ್ಗಿ ಏನೋ ಮಾಡಿ, ಸೆರಗು ಸರಿಪಡಿಸಿಕೊಂಡು ಬಂದಿದ್ದಳು. ತನ್ನ ಅಣ್ಣನ ಗಾಡಿ, ದುಃಖವಿರಬೇಕು ಎಂದು ನಾನು ಮಾತಾಡಿಸಲಿಲ್ಲ. ಟೆಂಪೋದವನ ಹಗ್ಗ ಗಿಡ್ಡಾಯಿತು. ಶೆಡ್ಡಿನ ಗೂಟಕ್ಕೆ ತೂಗುಬಿದ್ದಿದ್ದ ನಮ್ಮ ಹಳೆಯ ಸೆಣಬಿನ ಹಗ್ಗ ಕೊಟ್ಟೆ. ಅದರಲ್ಲೇ ಎಳೆದು ಹತ್ತಿಸಿ, ಅದರಲ್ಲೇ ಬಿಗಿದು ಕಟ್ಟಿದರು. ಹೆಂಡತಿ ಅವರಿಗೊಂದು ಕಟ್ಟು ರೊಟ್ಟಿ ಕೊಟ್ಟಳು. ಟೆಂಪೋ ತಿರುವಿನಲ್ಲಿ ಮರೆಯಾಗುವ ಮೊದಲೇ ಶೆಡ್ಡು ಗುಡಿಸಲು ಶುರು ಮಾಡಿದಳು.

ಸಂಜೆ ಫೋನು ಬಂತು. “ಸರ್, ಗೇರಿನ ಗುಂಡು ಕಾಣವಲ್ದು.”

“ಯಾವ ಗುಂಡು?”

“ಕಟಗೀದು. ಸರಳಷ್ಟ ಉಳದದ. ನಾ ನೋಡಾಕ ಬಂದಾಗ ಇತ್ರಿ.”

ತಲೆಯಲ್ಲಿ ಗಿರಣಿ ಶುರುವಾಯಿತು. ಇದೇ ನೋಡು ನೆವ. ಗುಂಡಿಲ್ಲ ಅನ್ನುತ್ತಾರೆ, ನಾಳೆ ಗಾಜಿಲ್ಲ ಅನ್ನುತ್ತಾರೆ, ಕೊನೆಗೆ ಇದು ಓಡುವ ಗಾಡಿಯೇ ಅಲ್ಲ ಎಂದು ಬಿಚ್ಚಿ ಗೋಡೆಗೆ ತೂಗುಹಾಕುತ್ತಾರೆ. ಅಥವಾ ದಾರಿಯಲ್ಲಿ ಟೆಂಪೋದವನು ಕದ್ದನೇ? ಅಥವಾ ಅದೂ ಯಾವುದೋ ಡಬ್ಬಿಯಲ್ಲಿದೆಯೇ, ನಾನೇ ಬಿಚ್ಚಿ ಮರೆತೆನೇ? ನಾನು ಅಂಗಳದಲ್ಲಿ ಹಿಂದಕ್ಕೂ ಮುಂದಕ್ಕೂ ತಿರುಗುವುದನ್ನು ನೋಡಿ ಅವ್ವ ಕೂತಲ್ಲಿಂದಲೇ ಅಂದಳು:

“ಅದು ನನ್ನ ಹತ್ರ ಅದ.”

ಸೆರಗಿನ ಗಂಟು ಬಿಚ್ಚಿ ತೋರಿಸಿದಳು.

“ಅವ್ವಾ! ಮಾರಿದ ಗಾಡೀದು ತಕ್ಕೊಂಡ್ರ ಹೆಂಗ? ಮಂದಿ ಏನಂದಾರು?”

“ದನಾ ಮಾರಿದ್ರ ಹಗ್ಗ ಕೊಡ್ತಾರೇನೋ? ಕಟ್ಟಿದ ಹಗ್ಗ ಹೋತಂದ್ರ ಕೊಟಗ್ಯಾನ ಪುಣ್ಯಾನೂ ಹಿಂದ ಹೋತು. ಇಷ್ಟು ವರ್ಷ ಮನಿ ಮುಂದ ನಿಂತದ್ದು. ಅದಕ್ಕ ಹಗ್ಗ ಎಲ್ಲ್ಯದ? ಅಣ್ಣ ಹಿಡೀತಿದ್ದದ್ದು ಇದನ್ನ. ಇದ ಹಗ್ಗ.”

ನಮ್ಮ ಮನೆಯಲ್ಲಿ ಎತ್ತು ಆಕಳು ಇದ್ದಾಗ ಹಾಗೇ ಮಾಡುತ್ತಿದ್ದರು. ದನ ಮಾರಿದರೆ ಕೊಂಡವರು ತಮ್ಮ ಹಗ್ಗ ತಂದು ಕಟ್ಟಿಕೊಂಡು ಹೋಗಬೇಕು, ನಮ್ಮದು ಗೂಟದಲ್ಲೇ ಉಳಿಯಬೇಕು. ಆದರೆ ಬಿಡಿಭಾಗದ ಅಂಗಡಿಯವರಿಗೆ ಇದನ್ನು ಹೇಗೆ ಹೇಳುವುದು? ಬಿಚ್ಚಿ ಮಾರಬೇಡಿ ಎಂದು ಊರೂರು ತಿರುಗಿದ ನಾನೇ ಬಿಚ್ಚಿಟ್ಟುಕೊಂಡ ಕಳ್ಳನಾದಂತಾಯಿತು. ಫೋನಿನಲ್ಲಿ, ಅದು ಅವ್ವನ ಹತ್ತಿರ ಇದೆ ಎಂದಷ್ಟೇ ತೊದಲಿದೆ, ಯಾಕೆಂದು ಹೇಳಲಿಲ್ಲ. ಅವರು, “ನಾಳಿಗಿ ಬರ್ತೀನ್ರಿ” ಎಂದರು. ದನಿ ಗಡುಸಾಗಿತ್ತು. ಈಗ ಅವರಿಗೂ ನನ್ನ ಮೇಲೆ ಸಂಶಯ. ಆ ಕಷ್ಟ ಎಂಥದೆಂದು ನನಗೆ ಗೊತ್ತಿದ್ದರಿಂದ ಅವರ ಬಗ್ಗೆ ಕನಿಕರವೂ ಆಯಿತು.

ಮರುದಿನ ಬಂದೇ ಬಂದರು, ಬಸ್ಸಿನಲ್ಲೇ. ಕೈಯಲ್ಲೊಂದು ಚೀಲ. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ನಾನು ಸಿದ್ಧ ಮಾಡಿಕೊಂಡಿದ್ದೆ, ಅವರು ನನ್ನನ್ನು ದಾಟಿ ಅವ್ವನ ಮುಂದೆ ಹೋಗಿ ಕೂತರು.

“ಯವ್ವಾ, ಗುಂಡು ಕೊಡ್ರಿ.”

“ನಿನ್ನ ಅಂಗಡ್ಯಾಗ ಇಂಥಾವು ರಗಡ ಇರಬೇಕಲ್ಲೋ ಯಪ್ಪಾ. ಒಂದು ಹಾಕ್ಕೋ.”

“ಅದಾವ್ರಿ. ಖರೆ ಅವು ಆ ಗಾಡೀವಲ್ಲ. ಇದ ಒಂದಿಲ್ಲಂದ್ರ ಗಾಡಿ ಪೂರಾ ಆಗಂಗಿಲ್ಲ.”

“ಹಗ್ಗ ಕೊಟ್ಟು ದನಾ ಕಳಸಂಗಿಲ್ಲ ನಾವು.”

ಅವರು ಅವ್ವನನ್ನು, ನನ್ನನ್ನು, ಖಾಲಿ ಶೆಡ್ಡಿನ ಗೂಟವನ್ನು ನೋಡಿ ಜೋರಾಗಿ ನಕ್ಕರು. “ಅಯ್ಯ, ಹಿಂಗೇನ್ರಿ! ಫೋನ್‌ದಾಗ ಹೇಳಬಾರದೇನ್ರಿ ಸರ್? ನಮ್ಮದೂ ಹುಣಸಗಿ ಕಡೆ ಎತ್ತಿನ ಮನೀನ. ರಾತ್ರಿ ಹೆಂಡ್ತಿ ಮುಂದ, ಸರ್ ಗುಂಡು ಬ್ಯಾರೆಯವ್ರಿಗಿ ಮಾರಿ ಅವ್ವನ ಹೆಸರು ಹೇಳ್ಯಾರ ಅಂತ ಅಂದುಬಿಟ್ಟೆ.”

ಚೀಲಕ್ಕೆ ಕೈ ಹಾಕಿ ನಮ್ಮ ಸೆಣಬಿನ ಹಗ್ಗವನ್ನು ತೆಗೆದು ಅವ್ವನ ಮುಂದಿಟ್ಟರು. ಸುತ್ತಿ, ನೀಟಾಗಿ ಗಂಟು ಹಾಕಿ ತಂದಿದ್ದರು. “ಇಳಸೂವಾಗ ಕೈಗಿ ಹತ್ತಿದ ಕೂಡ್ಲೇ ದನಾ ಕಟ್ಟಿದ ಹಗ್ಗ ಅಂತ ಗೊತ್ತಾತ್ರಿ. ಇದನ್ನ ನಾ ಇಟ್ಕೋಬಾರದಂತ ತಂದೀನಿ.”

ಅವ್ವ ಹಗ್ಗ ಎತ್ತಿಕೊಂಡು ಮೂಸಿ ನೋಡಿದಳು. ಆಮೇಲೆ ನನ್ನತ್ತ ತಿರುಗಿದಳು. “ಇದನ್ನ ಕಟ್ಟಿ ಕಳ್ಸಿದ್ಯಾ ನೀ? ಹಗ್ಗ ಕಳ್ಸಿ, ನನಗ ಮಂದಿ ಮಾತು ಹೇಳ್ತಿ!” ಸೆರಗಿನ ಗಂಟು ಬಿಚ್ಚಿ ಗುಂಡನ್ನು ಅವರ ಅಂಗೈಯಲ್ಲಿಟ್ಟು, ಬೆರಳುಗಳನ್ನು ತಾನೇ ಮಡಿಚಿದಳು. “ಹಗ್ಗ ಮನಿಗಿ ಬಂತು, ಇನ್ನ ಇದು ನಿಂದು. ಸವದ ಕಡೆ ಒಳಮುಖ ಬರಬೇಕು ನೋಡಪಾ. ಅಣ್ಣ ಹಂಗ ಹಿಡೀತಿದ್ದ.”

ಅವರು ಹೋದ ಮೇಲೂ ನನ್ನ ತಲೆಯ ಗಿರಣಿ ತಿರುಗುತ್ತಲೇ ಇತ್ತು. ಗುಂಡು ತೆಗೆದುಕೊಂಡು ಹೋದರಲ್ಲ, ಅದನ್ನೂ ಮಾರಿದರೆ ಎಂದೆ. ಶೆಡ್ಡಿನಲ್ಲಿ ಒಲೆಗೆ ಮಣ್ಣು ಮೆತ್ತುತ್ತಿದ್ದ ಹೆಂಡತಿ ತಲೆಯೆತ್ತದೆ ಅಂದಳು:

“ಬಿಚ್ಚಿ ಮಾರಾವ ಒಂದು ಕಟಗಿ ಗುಂಡಿನ ಸಲುವಾಗಿ ಯಾದಗಿರಿಯಿಂದ ಬಸ್ ಹತ್ತಿ ಬರ್ತಾನೇನ್ರಿ? ಜರಾ ಸರೀರಿ, ಬೆಳಕಿಗಿ ಅಡ್ಡಾಗೀರಿ.”

ಸರಿದು ನಿಂತೆ. ಅವಳ ಮಾತಿನಲ್ಲಿ ಹುಳುಕು ಹುಡುಕಿದೆ, ಸಿಗಲಿಲ್ಲ. ಹಗ್ಗವನ್ನು ಗೂಟಕ್ಕೆ ತೂಗುಹಾಕುವ ಮೊದಲು ನಮ್ಮದೇ ಹೌದೋ ಅಲ್ಲವೋ ಎಂದು ಎರಡೂ ತುದಿ ಪರೀಕ್ಷಿಸಿದೆ. ನಮ್ಮದೇ ಆಗಿತ್ತು.

ದೀಪಾವಳಿ ದಾಟಿದ ಮೇಲೆ ಒಂದು ಭಾನುವಾರ ಅವರ ಫೋನು ಬಂತು. ಮಾತಿನ ಬದಲು ಒಂದು ಸಪ್ಪಳ ಕೇಳಿಸಿತು. ಮೊದಲು ಗೊರಗೊರ ಕೆಮ್ಮಿದಂತೆ, ಆಮೇಲೆ ಒಂದೇ ಸಮನೆ. ನಾನು ಫೋನನ್ನು ಅವ್ವನ ಕಿವಿಗೆ ಹಿಡಿದೆ. ಅವಳು ಬಹಳ ಹೊತ್ತು ಕೇಳಿ, “ಅಣ್ಣಂದು ಇನ್ನಾ ಜೋರ ಇತ್ತು” ಎಂದು ತಿರುಗಿ ಕೊಟ್ಟಳು. ಮೋರೆ ಮಾತ್ರ ಅರಳಿತ್ತು.

“ಓಡಾಕತ್ತದ್ರಿ ಸರ್,” ಅಂದರು ಅವರು. “ನಿಮ್ಮ ಡಬ್ಯಾಗ ಇದ್ದದ್ದೆಲ್ಲಾ ಬರೋಬ್ಬರಿ ಕುಂತದ. ಖರೆ ಒಂದು ವಾಷರ್ ಉಳದದ. ಎಲ್ಲಿ ಹಚ್ಚಿ ನೋಡಿದ್ರೂ ಕುಂದರವಲ್ದು. ಯಾವುದ್ರದ್ರಿ ಅದು?”

ಗೊತ್ತಿಲ್ಲವೆಂದೆ. ಅದು ಸುಳ್ಳಲ್ಲ. ಆದರೆ ಇಂಜಿನ್ನು ಬಿಚ್ಚಿದ ಆ ದಿನಗಳಲ್ಲೇ, ಅದೇ ಶೆಡ್ಡಿನಲ್ಲಿ, ಅದೇ ಡಬ್ಬಿಗಳ ನಡುವೆ ಕೂತು ನನ್ನ ಸ್ಕೂಟರಿನ ಹಿಂದಿನ ಗಾಲಿಯನ್ನೂ ನಾನೇ ಬಿಚ್ಚಿ ಕೂಡಿಸಿದ್ದೆ. ಅಂದಿನಿಂದ ಅದರ ಮೇಲೇ ಕಚೇರಿಗೆ ಹೋಗಿಬರುತ್ತಿದ್ದೇನೆ, ಏನೂ ಆಗಿಲ್ಲ. ಆ ಭಾನುವಾರದಿಂದ ಮಾತ್ರ ರಸ್ತೆಯ ತೀರ ಎಡಕ್ಕೆ, ಬಹಳ ಮೆಲ್ಲಗೆ ಹೋಗುತ್ತೇನೆ. ಸೈಕಲ್ಲಿನವರು ನನ್ನನ್ನು ದಾಟಿ ಮುಂದೆ ಹೋಗಿ, ತಿರುಗಿ ನೋಡುತ್ತಾರೆ.